ಸೂಟ್ ಕೊಠಡಿ ನಮ್ಮದು, ಸವಲತ್ತು ಕಾರ್ಡಿನದು

ಕ್ರೂಸ್ ಎಂಬ ವಿಹಾರದ ಹಡಗಿನಲ್ಲಿ ಸೂಟ್ ಎಂಬ ದೊಡ್ಡ ಐಷಾರಾಮಿ ಕೊಠಡಿಗೆಂದು ಕೊಡುವ ಹಣದಲ್ಲಿ ಅರ್ಧ ಜಾಗಕ್ಕೆ, ಉಳಿದ ಅರ್ಧ ಸಾಲಿನಲ್ಲಿ ನಿಲ್ಲದೇ ಇರುವುದಕ್ಕೆ. ಗಂಡ ಹೆಂಡತಿ ಇಬ್ಬರೇ ಹೋಗುವವರಾದರೆ ಎರಡೂ ದಕ್ಕುತ್ತವೆ. ನಮ್ಮ ಹಾಗೆ ಅವ್ವ, ತಮ್ಮ, ತಮ್ಮನ ಹೆಂಡತಿ ಎಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುವವರಿಗೆ ಎರಡನೆಯದರ ಬಹುಭಾಗ ಕಾಗದದ ಮೇಲೆಯೇ ಉಳಿಯುತ್ತದೆ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಸಿಂಗಾಪುರಕ್ಕೇ ಮರಳುವ ಹಡಗಿನಲ್ಲಿ ಹೋಗಿಬಂದ ಮೇಲೆ ಧಾರವಾಡದ ಸಪ್ತಾಪುರದಲ್ಲಿ ಕಂಡವರೆಲ್ಲ "ಸೂಟ್ ಹೇಗಿತ್ತು?" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದೇ ಬಿಡುವುದು ಲೇಸು. ಹಡಗಿನ ಕಂಪನಿಯ ಹೆಸರು ಬೇಡ. ಸೂಟಿನ ಸವಲತ್ತು ಆ ಕೊಠಡಿಯವರಿಗಷ್ಟೇ, ಜೊತೆಗೆ ಬಂದ ಮನೆಯವರಿಗಲ್ಲ ಎಂಬ ನಿಯಮದ ಮೇಲೆ ನನ್ನ ತಕರಾರು, ಅದು ಆ ಒಂದು ಕಂಪನಿಯದಷ್ಟೇ ಅಲ್ಲ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಷರತ್ತುಗಳ ಸಣ್ಣ ಅಕ್ಷರ ಓದುವುದು ನನಗೆ ಬೇಸರದ ಕೆಲಸವಲ್ಲ. ನನ್ನ ಪತಿಗೆ ಹಡಗು ಹತ್ತುವ ಆಸೆ ಬಹಳ ವರ್ಷಗಳದ್ದು. ತಮ್ಮನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಆವಕ ಕಡಿಮೆಯಾದ ಕಾಲ ನೋಡಿ ಅವನೂ ಹೆಂಡತಿಯೊಂದಿಗೆ ಹೊರಟ. ಅವನ ಮಗಳೂ ಬರುವವಳಿದ್ದಳು, ಆದರೆ ಅವಳಿಗೆ ಆರನೆಯ ತಿಂಗಳು. ಯಾನ ಮುಗಿಯುವ ಹೊತ್ತಿಗೆ 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನು ಬಹುತೇಕ ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಡಾಕ್ಟರ ಚೀಟಿ ತಂದರೂ ಇಲ್ಲ. ಬುಕ್ ಮಾಡುವ ಮೊದಲೇ ಇದನ್ನು ಓದಿದ್ದರಿಂದ ಅವಳ ಹಣ ಉಳಿಯಿತು.

ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಹೋಗುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನು ಏಕೆ ಹಿಡಿಯಲಿಲ್ಲ ಎಂದು ಹುಬ್ಬಳ್ಳಿಯ ಬೀಗರು ಕೇಳಿದರು. ಊಟದ ಮಟ್ಟಿಗೆ ಅದು ನಮ್ಮವರಿಗೆ ಸುಲಭ. ಜೈನ ಅಡುಗೆಯೂ ಅಲ್ಲಿ ಸಿಗುತ್ತದೆ. ಆದರೆ ಆ ಎಂಪ್ರೆಸ್ ಹಡಗು 1990ರಲ್ಲಿ ಸೇವೆಗೆ ಬಂದದ್ದು. ಈಗಿನ ಹಡಗುಗಳಲ್ಲಿ ಸೂಟಿನವರಿಗೆಂದೇ ಬೇರೆ ಊಟದ ಮನೆ, ಬೇರೆ ಲೌಂಜ್, ಬೇರೆ ಬಿಸಿಲು ಡೆಕ್ ಎಂದು ಒಂದು ಓಣಿಯನ್ನೇ ಕಟ್ಟಿರುತ್ತಾರಲ್ಲ, ಅದನ್ನು ನೋಡುವ ಕುತೂಹಲ ನನ್ನ ಪತಿಯದ್ದು.

ಈ ಓಣಿಯ ವಿಚಾರ ಸ್ವಲ್ಪ ಹೇಳಬೇಕು. ಎಂಎಸ್‌ಸಿ ಕಂಪನಿ 2008ರಲ್ಲಿ ಫ್ಯಾಂಟಾಸಿಯಾ ಹಡಗಿನಲ್ಲಿ ಯಾಟ್ ಕ್ಲಬ್ ಎಂಬುದನ್ನು ತೆರೆಯಿತು. ಕೊಠಡಿಯ ಕೀಲಿಯಾದ ಕಾರ್ಡ್ ತೋರಿಸಿದರಷ್ಟೇ ಬಾಗಿಲು ತೆರೆಯುತ್ತದೆ, ಒಳಗೆ ಬಟ್ಲರ್ ಇರುತ್ತಾನೆ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿಯಲ್ಲಿ ಇಂಥದ್ದಕ್ಕೆ ಹೇವನ್ ಎಂದು ಹೆಸರು, ಸೆಲೆಬ್ರಿಟಿಯಲ್ಲಿ ರಿಟ್ರೀಟ್. ಕ್ಯುನಾರ್ಡ್ ಹಡಗುಗಳಲ್ಲಂತೂ ಯಾವ ದರ್ಜೆಯ ಕೊಠಡಿಯೋ ಆ ದರ್ಜೆಯ ಊಟದ ಮನೆ: ಮೇಲಿನವರಿಗೆ ಕ್ವೀನ್ಸ್ ಗ್ರಿಲ್, ಅವರ ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಉಳಿದವರಿಗೆ ಬ್ರಿಟಾನಿಯಾ. ಹಳೆಯ ಕಾಲದ ಹಡಗುಗಳ ವರ್ಗಭೇದ ಮೃದುವಾದ ಕಾರ್ಪೆಟ್ ಹಾಸಿಕೊಂಡು ಮರಳಿದೆ ಎಂದರೆ ತಪ್ಪಲ್ಲ.

ಇದರಲ್ಲಿ ಮೊದಲ ಬಾರಿ ಹೋಗುವವರು ಎಡವುವುದು "ಜೂನಿಯರ್ ಸೂಟ್" ಎಂಬಲ್ಲಿ. ಹೆಸರಿನಲ್ಲಿ ಸೂಟ್ ಇದೆಯೆಂದು ಎಲ್ಲ ಸವಲತ್ತೂ ಬರುತ್ತದೆ ಎಂದುಕೊಳ್ಳಬಾರದು. ರಾಯಲ್ ಕೆರಿಬಿಯನ್ ಕಂಪನಿ 2016ರಲ್ಲಿ ತನ್ನ ದೊಡ್ಡ ಹಡಗುಗಳ ಸೂಟುಗಳನ್ನು ಸೀ, ಸ್ಕೈ, ಸ್ಟಾರ್ ಎಂದು ಮೂರು ಮೆಟ್ಟಿಲಾಗಿ ಕತ್ತರಿಸಿತು. ಜೂನಿಯರ್ ಸೂಟ್ ಕೆಳಗಿನ ಮೆಟ್ಟಿಲು. ಅದರವರಿಗೆ ಸೂಟಿನ ಊಟದ ಮನೆ ರಾತ್ರಿ ಊಟಕ್ಕೆ ಮಾತ್ರ, ಲೌಂಜ್ ಇಲ್ಲ. ಮೇಲಿನ ಸ್ಟಾರ್ ದರ್ಜೆಯವರಿಗೆ "ಜೀನಿ" ಎಂಬ ಸಹಾಯಕರನ್ನೇ ಕೊಡುತ್ತಾರೆ. ನಾವು ಹೋದ ಹಡಗಿನಲ್ಲೂ ಇಂಥದ್ದೇ ಮೆಟ್ಟಿಲುಗಳಿದ್ದವು. ಹುಬ್ಬಳ್ಳಿಯ ಏಜೆಂಟರು ಮೊದಲು ತೋರಿಸಿದ್ದು ಜೂನಿಯರ್ ಸೂಟನ್ನೇ. "ಲೌಂಜ್ ಇದೆಯೇ? ಮೂರನೆಯವರಿಗೂ ಪೂರ್ತಿ ಸವಲತ್ತು ಇದೆಯೇ?" ಎಂದು ಬರೆದು ಕೇಳಿದ ಮೇಲೆ ಮೇಲಿನ ದರ್ಜೆಯ ದರ ಕಳಿಸಿದರು. ನಮಗಿಬ್ಬರಿಗೆ ಮತ್ತು ಅವ್ವನಿಗೆ ಸೂಟ್ ತೆಗೆದುಕೊಂಡೆವು. ಹಾಸಿಗೆಯಾಗುವ ಸೋಫಾ ಅವ್ವನದು. ತಮ್ಮ ಮತ್ತು ಅವನ ಹೆಂಡತಿ ಕೆಳಗಿನ ಡೆಕ್ಕಿನಲ್ಲಿ ಬಾಲ್ಕನಿ ಕೊಠಡಿ ಹಿಡಿದರು. "ಅಷ್ಟು ಹಣ ಸಮುದ್ರಕ್ಕೆ ಸುರಿಯುವುದೇಕೆ?" ಎಂಬುದು ಅವನ ವಾದ.

ಹತ್ತುವ ದಿನ ಸೂಟಿನ ಬೆಲೆ ಕಣ್ಣಿಗೆ ಕಂಡಿತು. ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಸಾವಿರಾರು ಜನ ಚೀಲಗಳೊಂದಿಗೆ ಸಾಲು ಹಿಡಿದಿದ್ದಾಗ ನಮ್ಮನ್ನು ಬೇರೆ ದಾರಿಯಲ್ಲಿ ಒಯ್ದು ಕೂರಿಸಿ ನಿಂಬೆ ಪಾನಕ ಕೊಟ್ಟರು. ಅವ್ವನ ಮೊಣಕಾಲಿಗೆ ಇದು ದೊಡ್ಡ ಉಪಕಾರ. ಆದರೆ ಅವಳು ಪಾನಕ ಕುಡಿಯಲಿಲ್ಲ. ಮಗ ಎಲ್ಲಿ ಎಂದು ಹಿಂದೆ ತಿರುಗಿ ನೋಡುತ್ತಲೇ ಇದ್ದಳು. ಮಗ ಸಾಮಾನ್ಯ ಸಾಲಿನಲ್ಲಿದ್ದ.

ಕೊಠಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರಗಳಲ್ಲಿ ಇದ್ದ ಹಾಗೆಯೇ ಇತ್ತು. ಬಾಲ್ಕನಿ ವಿಶಾಲ, ಕಾಫಿ ಯಂತ್ರ ಚೆನ್ನಾಗಿದೆ, ದಿಂಬುಗಳ ಪಟ್ಟಿ ಕೊಟ್ಟು ಆರಿಸಿಕೊಳ್ಳಲು ಹೇಳುತ್ತಾರೆ. ಸ್ನಾನದ ತೊಟ್ಟಿ ಮಾತ್ರ ವಯಸ್ಸಾದವರಿಗೆ ಶತ್ರು. ಅದರ ಅಂಚು ದಾಟಲು ಅವ್ವನನ್ನು ಇಬ್ಬರು ಹಿಡಿಯಬೇಕಾಯಿತು. ಮುದುಕರಿದ್ದರೆ ಸೂಟಿನ ತೊಟ್ಟಿಗಿಂತ ಗಾಲಿಕುರ್ಚಿಯವರಿಗೆಂದು ಮಾಡಿದ ಕೊಠಡಿಯ ಸಮತಟ್ಟಾದ ನೆಲವೇ ಮೇಲು. ಇನ್ನೊಂದು ಮಾತು: ಸೂಟುಗಳು ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಲ್ಲಿ ಇರುತ್ತವೆ, ಎತ್ತರಕ್ಕೆ ಹೋದಷ್ಟೂ ತೂಗಾಟ ಹೆಚ್ಚು. ಮಲಾಕ್ಕಾ ಜಲಸಂಧಿ ಶಾಂತವಾಗಿದ್ದುದರಿಂದ ನಮಗೆ ಗೊತ್ತಾಗಲಿಲ್ಲ. ಅಲೆ ಜೋರಿರುವ ಸಮುದ್ರಕ್ಕೆ ಹೋಗುವವರು ಹಡಗಿನ ನಡುಭಾಗದ, ಕೆಳಗಿನ ಕೊಠಡಿಯನ್ನೇ ಕೇಳಬೇಕು.

ಇಸ್ತ್ರಿ ಪೆಟ್ಟಿಗೆ ಒಯ್ಯುವಂತಿಲ್ಲ, ನೀರು ಕಾಯಿಸುವ ಕೆಟಲ್ ಒಯ್ಯುವಂತಿಲ್ಲ, ಎಕ್ಸ್‌ಟೆನ್ಷನ್ ಬೋರ್ಡೂ ಇಲ್ಲ. ಸಮುದ್ರದ ನಡುವೆ ಬೆಂಕಿ ಹತ್ತಿದರೆ ಓಡಲು ಜಾಗವಿಲ್ಲ, ಹಾಗಾಗಿ ಈ ನಿಯಮದ ಮೇಲೆ ನನ್ನ ಆಕ್ಷೇಪಣೆ ಇಲ್ಲ. ಸೂಟಿನವರಿಗೆ ಮೊದಲ ರಾತ್ರಿ ಕೆಲವು ಬಟ್ಟೆಗಳ ಇಸ್ತ್ರಿ ಉಚಿತ ಎಂದು ಚೀಟಿ ಇಟ್ಟಿದ್ದರು. ಅದರಲ್ಲಿ ಅಂಗಿ, ಪ್ಯಾಂಟು, ಗೌನು, ಟೈ ಎಲ್ಲ ಇದ್ದವು, ಸೀರೆ ಇರಲಿಲ್ಲ. ನನ್ನ ಇಳಕಲ್ ಸೀರೆಯನ್ನು ಎತ್ತಿಕೊಂಡು ಹೋದ ಹುಡುಗ ಅದನ್ನು "ಮೇಜುವಸ್ತ್ರ" ಎಂದು ಬರೆದು ಅಚ್ಚುಕಟ್ಟಾಗಿ ಮಡಚಿ ತಂದ. ಸೆರಗು ಒಳಗಾಗಿತ್ತು ಅಷ್ಟೇ. ಇಸ್ತ್ರಿ ಮಾತ್ರ ನಮ್ಮ ಮಾಳಮಡ್ಡಿಯ ಇಸ್ತ್ರಿಯವನೂ ಮೆಚ್ಚುವಂಥದ್ದು.

ಈಗ ಊಟಕ್ಕೆ ಬರುತ್ತೇನೆ, ಸಂಗತಿ ಕೆಟ್ಟದ್ದು ಅಲ್ಲಿಯೇ. ಮೊದಲ ಸಂಜೆ ಐವರೂ ಸೂಟಿನ ಊಟದ ಮನೆಗೆ ಹೋದೆವು. ಬಾಗಿಲಲ್ಲಿ ನಿಂತ ಹೆಣ್ಣುಮಗಳು ಕಾರ್ಡುಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಿಡಿದಳು. ನಮ್ಮ ಮೂರಕ್ಕೆ ಹಸಿರು, ತಮ್ಮನ ಎರಡಕ್ಕೆ ಕೆಂಪು. "ಕ್ಷಮಿಸಿ, ಇದು ಸೂಟ್ ಅತಿಥಿಗಳಿಗೆ ಮಾತ್ರ" ಎಂದಳು. ಹಣ ಕೊಟ್ಟು ಊಟ ಮಾಡುತ್ತೇವೆ ಎಂದೆವು. ಹಣಕ್ಕೂ ಇಲ್ಲ. ಒಂದು ರಾತ್ರಿ, ನಮ್ಮ ಅತಿಥಿಗಳಾಗಿ? ಅದೂ ಇಲ್ಲ. ಸವಲತ್ತು ಕೊಠಡಿಯ ಕಾರ್ಡಿಗೆ ಸೇರಿದ್ದು, ಕುಟುಂಬಕ್ಕಲ್ಲ. ನಿಯಮ ಹೇಳಿದ ರೀತಿಯಲ್ಲಿ ಎಳ್ಳಷ್ಟೂ ಒರಟುತನ ಇರಲಿಲ್ಲ, ಅದಕ್ಕೇ ಜಗಳವಾಡಲೂ ಆಗಲಿಲ್ಲ. ತಮ್ಮ ನಕ್ಕು, "ಅಕ್ಕಾ, ನೀವು ಹೋಗಿ, ನಾವು ಬಫೆಗೆ ಹೋಗುತ್ತೇವೆ" ಎಂದ. ಅವ್ವ ನಿಂತಲ್ಲೇ ನಿಂತಳು. "ಮಗನನ್ನು ಹೊರಗೆ ನಿಲ್ಲಿಸಿ ನಾನು ಒಳಗೆ ಉಣ್ಣಬೇಕೇ?" ಎಂದಳು. ಆ ಪ್ರಶ್ನೆಗೆ ಕಂಪನಿಯ ಷರತ್ತುಗಳಲ್ಲಿ ಉತ್ತರವಿಲ್ಲ.

ಈ ಕಟ್ಟುನಿಟ್ಟಿಗೆ ಕಾರಣ ನನಗೆ ತಿಳಿಯದೇ ಇಲ್ಲ. ಆ ಊಟದ ಮನೆಯ ಕುರ್ಚಿಗಳನ್ನು ಸೂಟುಗಳ ಲೆಕ್ಕ ನೋಡಿಯೇ ಹಾಕಿರುತ್ತಾರೆ. ಒಬ್ಬರ ನೆಂಟರನ್ನು ಬಿಟ್ಟರೆ ಎಲ್ಲರ ನೆಂಟರನ್ನೂ ಬಿಡಬೇಕು. ಬ್ಯಾಂಕಿನ ಲಾಕರ್ ಕೋಣೆಗೆ ಗ್ರಾಹಕರ ಅಣ್ಣ ತಮ್ಮಂದಿರನ್ನು ನಾನೂ ಬಿಟ್ಟವಳಲ್ಲ. ಆದರೆ ಒಂದೇ ಬುಕಿಂಗಿನಲ್ಲಿ ಬಂದವರಿಗೆ, ಹಣ ತೆಗೆದುಕೊಂಡಾದರೂ, ಒಂದು ರಾತ್ರಿ ಜೊತೆಗೆ ಕೂರುವ ಅವಕಾಶ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಏಷ್ಯಾದ ಬಂದರಿನಿಂದ ಹೊರಡುವ ಹಡಗಿನಲ್ಲಿ ಮೂರು ತಲೆಮಾರು ಜೊತೆಯಾಗಿ ಬರುವುದು ಹೊಸದೇನಲ್ಲ.

ಹೀಗಾಗಿ ರಾತ್ರಿ ಊಟವನ್ನೆಲ್ಲ ದೊಡ್ಡ ಊಟದ ಮನೆಯಲ್ಲಿಯೇ ಮಾಡಿದೆವು. ಅದೇ ಒಳ್ಳೆಯದಾಯಿತು. ಅಲ್ಲಿಯ ಹಿರಿಯ ವೇಟರ್ ಗೋವೆಯವರು. ಬ್ಯಾಡಗಿ ಮೆಣಸಿನಕಾಯಿಗೆ ಗೋವೆಯ ಗಿರಾಕಿಗಳು ಬರುವುದರಿಂದ ತಮ್ಮನಿಗೆ ಕೊಂಕಣಿ ಬರುತ್ತದೆ. ಎರಡು ಮಾತು ಆಡಿದ್ದೇ ತಡ, ಆ ಮನುಷ್ಯ ನಮ್ಮ ಮೇಜನ್ನು ತನ್ನದೆಂದೇ ತಿಳಿದ. "ನಾಳೆ ಏನು ಬೇಕೆಂದು ಇವತ್ತು ರಾತ್ರಿಯೇ ಹೇಳಿ" ಎಂದ. ಮರುದಿನದಿಂದ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಬೇಳೆ, ಜೀರಿಗೆ ಅನ್ನ, ಬೀನ್ಸ್ ಪಲ್ಯ, ಮೊಸರು ತಾವಾಗಿಯೇ ಬಂದವು. ಮೆನುವಿನಲ್ಲಿ ಇವು ಯಾವುವೂ ಇರಲಿಲ್ಲ. ಕ್ರೂಸ್ ಹಡಗಿನ ಸಸ್ಯಾಹಾರದ ಗುಟ್ಟು ಇಷ್ಟೇ: ಹಿಂದಿನ ರಾತ್ರಿ ಹೇಳಿಡಬೇಕು, ಹೇಳಿದವರಿಗೇ ಪ್ರತಿದಿನ ಹೇಳಬೇಕು. ಸೂಟಿನ ಊಟದ ಮನೆಗೆ ಒಂದು ಮಧ್ಯಾಹ್ನ ನಾನು, ನನ್ನ ಪತಿ ಹೋಗಿದ್ದೆವು, ಅವ್ವನನ್ನೂ ಒತ್ತಾಯ ಮಾಡಿ ಕರೆದೊಯ್ದಿದ್ದೆವು. ಸಸ್ಯಾಹಾರಿಗಳಿಗೆ ಅಣಬೆಯ ರಿಸೊಟ್ಟೊ ಮತ್ತು ಬದನೆಕಾಯಿಯ ಪದರುಗಳು. ಬಡಿಸಿದ ಚಂದಕ್ಕೆ ನೂರಕ್ಕೆ ನೂರು ಅಂಕ. ಅವ್ವ ರಿಸೊಟ್ಟೊವನ್ನು ಚಮಚದಲ್ಲಿ ಅಲುಗಾಡಿಸಿ, "ಗಂಜಿಗೆ ಇಷ್ಟು ದೊಡ್ಡ ತಟ್ಟೆಯೇ?" ಎಂದಳು.

ಮನೆಯ ತಿಂಡಿ ಒಯ್ಯುವ ವಿಚಾರ ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಡಬ್ಬಿಯಲ್ಲಿ ತುಂಬಿದ ಶೇಂಗಾ ಚಟ್ನಿ ಎರಡೂ ಆಗದು. ಅಂಗಡಿಯಲ್ಲಿ ಸಿಗುವ, ಒಡೆಯದ ಪೊಟ್ಟಣವಾದರೆ ಅಡ್ಡಿಯಿಲ್ಲ. ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿಯ ಪೊಟ್ಟಣಗಳು, ಗುರೆಳ್ಳು ಚಟ್ನಿಯ ಪೊಟ್ಟಣಗಳು ಸಿಗುತ್ತವೆ, ಅವನ್ನೇ ಒಯ್ದೆವು. ಎಕ್ಸ್‌ರೇ ಯಂತ್ರದ ಕೆಳಗೆ ಸುಸೂತ್ರವಾಗಿ ಹಾದವು. ಧಾರವಾಡ ಪೇಢೆಯ ಪೆಟ್ಟಿಗೆಯನ್ನು ಮಾತ್ರ ತೆರೆದು ನೋಡಿದರು, ಕಂದು ಬಣ್ಣದ ಉಂಡೆಗಳ ಮೇಲಿನ ಸಕ್ಕರೆ ಪುಡಿ ಅವರಿಗೆ ಸಂಶಯ ತಂದಿರಬೇಕು. ನಂತರ ಒಂದನ್ನು ಆ ಅಧಿಕಾರಿಗೆ ನೀಡಿದೆವು, ಆತ ತೆಗೆದುಕೊಳ್ಳಲಿಲ್ಲ. ಅಗಿಯುವ ತಂಬಾಕು ಸಿಂಗಾಪುರದಲ್ಲಿ ನಿಷೇಧವಾಗಿದೆ, ಆ ಅಭ್ಯಾಸ ಇರುವವರು ಊರಿನಲ್ಲೇ ಬಿಟ್ಟು ಹೊರಡಬೇಕು.

ಸೂಟಿಗೂ ಕಿಟಕಿಯಿಲ್ಲದ ಒಳಕೊಠಡಿಗೂ ಭೇದವಿಲ್ಲದ ಒಂದೇ ಜಾಗ, ಅಪಾಯ ಬಂದಾಗ ಎಲ್ಲಿ ಸೇರಬೇಕೆಂದು ಕಲಿಸುವ ಸುರಕ್ಷತಾ ಕವಾಯತು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅಂದು ಹಡಗು ಹತ್ತಿದವರಲ್ಲಿ ಹಲವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು: 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಎಲ್ಲರಿಗೂ ಇದು ಆಗಲೇಬೇಕು. ಸೂಟಿನವರ ಬೇಕುಬೇಡ ನೋಡಿಕೊಳ್ಳುವ ಕಾನ್ಸಿಯರ್ಜ್ ಎದುರು ನನ್ನ ಪತಿ, "ನಾವು ಆಮೇಲೆ ಬರಬಹುದೇ?" ಎಂದು ಕೇಳಿದರು. ಅಷ್ಟು ಹೊತ್ತು "ಖಂಡಿತ, ಸರ್" ಎನ್ನುತ್ತಿದ್ದವರು ಮೊದಲ ಬಾರಿ "ಇಲ್ಲ, ಸರ್" ಎಂದರು. ನಮ್ಮ ಸೇರುವ ಜಾಗವೂ ತಮ್ಮನದೂ ಒಂದೇ ಆಗಿತ್ತು. "ಮುಳುಗುವಾಗ ಜೊತೆಗೆ ಬಿಡುತ್ತಾರೆ ನೋಡಿ" ಎಂದ ಅವನು.

ಕಾನ್ಸಿಯರ್ಜ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಫಿಲಿಪ್ಪೀನ್ಸಿನವರು, ನಡುವಯಸ್ಸಿನವರು. ಫುಕೆಟ್‌ನಲ್ಲಿ ನಮ್ಮ ಹಡಗು ದಡಕ್ಕೆ ಹೋಗಲಿಲ್ಲ. ಪಟಾಂಗ್ ಕಡಲಿನಲ್ಲಿ ದೂರ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಒಯ್ದರು. ಇದಕ್ಕೆ ಚೀಟಿ ಪಡೆದು ಕಾಯಬೇಕು, ಕಾಯುವುದು ಗಂಟೆಗಟ್ಟಲೆ ಆಗಬಹುದು. ಸೂಟಿನವರಿಗೆ ಮೊದಲ ದೋಣಿ. ಮೊದಲ ಸಂಜೆಯ ಊಟದ ಮನೆಯ ಪ್ರಸಂಗ ಅವರ ಕಿವಿಗೆ ಬಿದ್ದಿರಬೇಕು, ಕೇಳದೆಯೇ ತಮ್ಮನಿಗೂ ಅವನ ಹೆಂಡತಿಗೂ ಚೀಟಿ ಕೊಟ್ಟರು. "ಲೌಂಜಿಗೆ ಬಿಡಲು ನನಗೆ ಅಧಿಕಾರವಿಲ್ಲ, ದೋಣಿಯ ಮೇಲೆ ಸ್ವಲ್ಪ ಇದೆ" ಎಂದರು. ಅಲೆಗಳಿಂದಾಗಿ ಗಾಲಿಕುರ್ಚಿಯನ್ನು ದೋಣಿಗೆ ಇಳಿಸುವುದು ಕಷ್ಟ ಎಂಬುದನ್ನೂ ಮೊದಲೇ ತಿಳಿಸಿದ್ದರು. ಅವ್ವ ಬಾಲ್ಕನಿಯಲ್ಲಿ ಕುಳಿತು ರೊಟ್ಟಿ ಚಟ್ನಿ ತಿಂದು ಮಲಗಿದಳು, ನನ್ನ ಪತಿ ಜೊತೆಗೆ ಉಳಿದರು. ಸೂಟಿಗೆ ಕೊಟ್ಟ ಹಣ ಅತ್ಯಂತ ಚೆನ್ನಾಗಿ ಬಳಕೆಯಾದ ದಿನ ಅದೇ ಎಂದು ಅವರಿಬ್ಬರ ಅಭಿಪ್ರಾಯ.

ಲೆಕ್ಕದ ಮಾತಿಗೆ ಬಂದರೆ, ಹಡಗಿನೊಳಗೆ ನಗದು ನಡೆಯುವುದಿಲ್ಲ. ಕೊಠಡಿಯ ಕಾರ್ಡೇ ಹಣ. ಹತ್ತುವಾಗ ಒಂದು ಕ್ರೆಡಿಟ್ ಕಾರ್ಡ್ ಜೋಡಿಸಿಕೊಳ್ಳುತ್ತಾರೆ. ಡೆಬಿಟ್ ಕಾರ್ಡ್ ಅಥವಾ ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಕೊಡಬೇಡಿ ಎಂದು ಬ್ಯಾಂಕಿನವಳಾಗಿ ಒತ್ತಿ ಹೇಳುತ್ತೇನೆ. ಮುಂಗಡವಾಗಿ ತಡೆಹಿಡಿದ ಮೊತ್ತ ಊರಿಗೆ ಬಂದ ಮೇಲೂ ಹಲವು ದಿನ ಬಿಡುಗಡೆಯಾಗದೆ ನಿಮ್ಮದೇ ಹಣ ನಿಮಗೆ ಸಿಗದಂತಾಗುತ್ತದೆ. ಭಕ್ಷೀಸು ದಿನಕ್ಕೆ ತಲೆಗೆ ಇಷ್ಟೆಂದು ತಾನಾಗಿಯೇ ಖಾತೆಗೆ ಬೀಳುತ್ತದೆ, ಸೂಟಿನವರಿಗೆ ಇನ್ನಷ್ಟು. ಅಂದಾಜಿಗೆ ಬೇಕಾದರೆ, ರಾಯಲ್ ಕೆರಿಬಿಯನ್ 2023ರ ನವೆಂಬರಿನಲ್ಲಿ ಇದನ್ನು ಸಾಮಾನ್ಯ ಕೊಠಡಿಗೆ 18 ಡಾಲರ್, ಸೂಟಿಗೆ 20.50 ಡಾಲರ್ ಎಂದು ಏರಿಸಿತು. ಮೂವರಿದ್ದರೆ ಮೂರರಿಂದ ಗುಣಿಸಿ, ರಾತ್ರಿಗಳಿಂದ ಮತ್ತೆ ಗುಣಿಸಿ. ಸೋಫಾ ಮೇಲೆ ಮಲಗಿದ ಅವ್ವನಿಗೂ ಸೂಟಿನ ದರವೇ.

ಕೊಠಡಿಯಲ್ಲಿ ಪಾನೀಯ ಇಡುವ ಪುಟ್ಟ ಫ್ರಿಜ್ಜಿನ, ಅಂದರೆ ಮಿನಿಬಾರಿನ, ಮೊದಲ ತುಂಬುವಿಕೆ ನಮಗೆ ಉಚಿತ, ಆಮೇಲಿನದ್ದಕ್ಕೆ ಹಣ. ಟಿವಿಯಲ್ಲಿ ಪ್ರತಿ ರಾತ್ರಿ ಖಾತೆ ನೋಡುವ ನನ್ನ ಅಭ್ಯಾಸಕ್ಕೆ ನಮ್ಮವರು ನಗುತ್ತಿದ್ದರು. ನಾವು ಮುಟ್ಟದ ಎರಡು ಬಿಯರ್ ಬಾಟಲಿ, ಅದರ ಮೇಲೆ ಸೇವಾಶುಲ್ಕ ಸಹಿತ ಕಂಡಾಗ ನಗು ನಿಂತಿತು. ಕೆಳಗಿನ ಕೌಂಟರಿಗೆ ಹೋಗಿ ಹೇಳಿದೆ, ಅಲ್ಲಿಯೇ ತೆಗೆದುಹಾಕಿದರು, ಪ್ರಶ್ನೆ ಕೇಳಲಿಲ್ಲ. ಕೊನೆಯ ಬೆಳಿಗ್ಗೆ ಆ ಕೌಂಟರಿನ ಮುಂದಿನ ಸಾಲು ನೋಡಿದವರು ಹಿಂದಿನ ದಿನವೇ ಹೋಗಿ ಮುಗಿಸುತ್ತಾರೆ.

ಹಡಗಿನ ಡಾಕ್ಟರರ ಶುಲ್ಕ ದುಬಾರಿ, ಪ್ರವಾಸ ವಿಮೆ ಇಲ್ಲದೆ ಹತ್ತಬಾರದು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಏಜೆಂಟರು ಮುಂಗಡ ತೆರಿಗೆಯಾಗಿ ವಸೂಲು ಮಾಡಿದ ಟಿಸಿಎಸ್ ನಿಮ್ಮ ಪ್ಯಾನ್ ಖಾತೆಯ 26ಎಎಸ್ ಎಂಬ ತೆರಿಗೆ ವಿವರಪಟ್ಟಿಯಲ್ಲಿ ಬಂದಿದೆಯೇ ನೋಡಿಕೊಂಡರೆ ಆದಾಯ ತೆರಿಗೆ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಹಲವರು ಇದನ್ನು ಖರ್ಚೆಂದೇ ಬರೆದು ಮರೆಯುತ್ತಾರೆ.

ಇಳಿಯುವ ದಿನ ಸೂಟಿನವರಿಗೆ ಲೌಂಜಿನಲ್ಲಿ ತಿಂಡಿ, ಆಮೇಲೆ ಸಿಬ್ಬಂದಿಯೇ ದಾರಿ ತೋರಿಸಿ ಕೆಳಗೆ ಒಯ್ಯುತ್ತಾರೆ. ತಮ್ಮ ಹಿಂದಿನ ರಾತ್ರಿ ಚೀಲಗಳನ್ನು ಹೊರಗಿಡದೆ ತಾನೇ ಎಳೆದುಕೊಂಡು ಇಳಿಯುವವರ ಗುಂಪಿಗೆ ಹೆಸರು ಕೊಟ್ಟಿದ್ದ. ಆ ಗುಂಪನ್ನು ಎಲ್ಲರಿಗಿಂತ ಮೊದಲು ಬಿಡುತ್ತಾರೆ. ನಾವು ಕ್ರೊಸಾಂಟಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಅವನು ಟ್ಯಾಕ್ಸಿ ಸಾಲಿನಿಂದ ಫೋನ್ ಮಾಡಿ, "ಅಕ್ಕಾ, ಎಷ್ಟು ಹೊತ್ತು?" ಎಂದ.

ಇನ್ನೊಮ್ಮೆ ಹೊರಟರೆ ಪಕ್ಕಪಕ್ಕದ ಬಾಲ್ಕನಿ ಕೊಠಡಿಗಳನ್ನೇ ತೆಗೆದುಕೊಳ್ಳುವುದು ಎಂದು ತೀರ್ಮಾನವಾಗಿದೆ. ಅನೇಕ ಹಡಗುಗಳಲ್ಲಿ ಎರಡು ಬಾಲ್ಕನಿಗಳ ನಡುವಿನ ಅಡ್ಡಗೋಡೆಯನ್ನು ಕೊಠಡಿ ಸಹಾಯಕರು ಬೀಗ ತೆಗೆದು ಮಡಚಿಕೊಡುತ್ತಾರೆ, ಅದಕ್ಕೆ ಹಣವಿಲ್ಲ. ಬುಕ್ ಮಾಡುವಾಗಲೇ ಆ ಎರಡು ಕೊಠಡಿಗಳ ನಡುವಿನದ್ದು ಮಡಚುವ ಗೋಡೆಯೋ ಅಲ್ಲವೋ ಎಂದು ಬರೆದು ಕೇಳಬೇಕು, ಏಕೆಂದರೆ ಕೆಲವು ಕಡೆ ಅದು ಉಕ್ಕಿನ ಗೋಡೆಯೇ ಆಗಿರುತ್ತದೆ. ನನ್ನ ಪತಿಗೆ ಮಾತ್ರ ಆ ಕಾಫಿ ಯಂತ್ರ ಇರುವುದಿಲ್ಲ ಎಂಬ ಬೇಸರ. ಅವ್ವ ತನ್ನ ಹಾಸಿಗೆ ಯಾವ ಕೊಠಡಿಯಲ್ಲಿ ಎಂದು ಈಗಾಗಲೇ ಹೇಳಿಯಾಗಿದೆ. ತಮ್ಮನದರಲ್ಲಿ.